ಹಗ್ಗ ಹಿಡಿದವನ ಕಲ್ಲು

ಬಹಳ ಹಿಂದೆ, ಕಡಲಿನ ಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊನ್ನಾಳ ಎಂಬ ರಾಜ್ಯವಿತ್ತು. ಅಲ್ಲಿ ದೇವೀರಕ್ಕ ಎಂಬ ಸುಣ್ಣ ಸುಡುವ ಹೆಂಗಸಿದ್ದಳು. ತಾಯಿತಂದೆ ಇಲ್ಲದ ತಮ್ಮ ಬೀರನನ್ನು ಸುಣ್ಣದ ಗೂಡಿನ ಬಿಸಿಯಲ್ಲಿ ಬೆಂದು ಸಾಕಿದ್ದಳು. ಯಾರ ಮುಂದೆಯೂ ಕೈ ಚಾಚಿದವಳಲ್ಲ, ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ.

ಕಡಲಾಚೆಯ ದ್ವೀಪವೊಂದನ್ನು ಬೂದಿರಾಯನೆಂಬ ಮಾಂತ್ರಿಕ ಸುಡುತ್ತಿದ್ದ. ಆ ಜನ ನೆರವು ಬೇಡಿದರು. ಹೊನ್ನಾಳದ ರಾಜ ಸೈನ್ಯ ಕಳಿಸಿದ. ಬೀರನೂ ಹೋದ. ಹಡಗು ಮರಳಿ ಬಂತು, ಬೀರ ಬರಲಿಲ್ಲ.

ಅವನ ಜೊತೆಗಾರ ಜಟ್ಟಿಗ ಬಂದು ಬಾಗಿಲಲ್ಲಿ ನಿಂತ.

"ಅಕ್ಕಾ, ಬೀರ ಹೋಗ್ಬಿಟ್ಟ. ಬೆನ್ನಿಗೆ ಬಾಣ ಬಿದ್ವು. ಅವನು..."

"ಬೆನ್ನಿಗಾ?" ದೇವೀರಕ್ಕ ಮಾತು ಮುಗಿಸಲು ಬಿಡಲಿಲ್ಲ. "ನನ್ನ ತಮ್ಮ ಓಡಿಹೋಗ್ತಿದ್ದ ಅಂತೀಯಾ? ನೀನು ಜೀವ ಉಳಿಸ್ಕೊಂಡು ಬಂದು, ಸತ್ತವನ ಮೇಲೆ ಇಲ್ಲದ್ದು ಹೇಳ್ತೀಯಾ? ನಡಿ ಆಚೆ!"

ಜಟ್ಟಿಗ ಕಣ್ಣೊರೆಸಿಕೊಂಡು ಹೋದ.

ಸತ್ತ ಯೋಧನಿಗೆ ವೀರಗಲ್ಲು ನಿಲ್ಲಿಸುವುದು ಆ ರಾಜ್ಯದ ಪದ್ಧತಿ. ಕೆಳಗಿನ ಸಾಲಿನಲ್ಲಿ ಅವನು ಸತ್ತ ಬಗೆ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಸ್ವರ್ಗ. ಕಲ್ಲು ನಿಂತರೆ ಸತ್ತವನಿಗೆ ಬಿಡುಗಡೆ.

"ಗಾಯ ಎಲ್ಲಿ ಕೆತ್ತಲವ್ವ?" ಎಂದು ಶಿಲ್ಪಿ ಕೇಳಿದ.

"ಎದೆಗೆ ಕೆತ್ತು."

ಕಲ್ಲು ನಿಲ್ಲಿಸಿದರು. ಬೆಳಗಾದಾಗ ಬೋರಲು ಬಿದ್ದಿತ್ತು. ಬುಡಕ್ಕೆ ಗಾರೆ ಹಾಕಿ ನಿಲ್ಲಿಸಿದರು. ಬಿತ್ತು. ರಾಜನ ಆನೆಯೇ ಬಂದು ನಿಲ್ಲಿಸಿತು. ಮತ್ತೆ ಬಿತ್ತು.

"ನೆಲವೇ ಅವನನ್ನ ಒಪ್ತಿಲ್ಲ" ಎಂದು ಜನ ಪಿಸುಗುಟ್ಟಿದರು.

"ಹಾಗಾದ್ರೆ ಅವನು ಸತ್ತ ದ್ವೀಪಕ್ಕೇ ಹೋಗಿ ಅವನನ್ನೇ ಕೇಳ್ಕೊಂಡು ಬರ್ತೀನಿ" ಎಂದು ದೇವೀರಕ್ಕ ಸೆರಗು ಬಿಗಿದು ಹೊರಟಳು.

ಕಡಲ ದಡದಲ್ಲಿ ಮನೆಯಷ್ಟು ದೊಡ್ಡ ಆಮೆ ಮಲಗಿತ್ತು.

"ದಾಟಿಸ್ತೀನಿ. ನಿನ್ನ ತಮ್ಮನ ಗಾಯ ಎಲ್ಲಿತ್ತು?"

"ಎದೆಗೆ."

ಆಮೆ ಅವಳನ್ನು ಹೊತ್ತು ಈಜಿತು. ಆಚೆ ದಡ ಮುಟ್ಟುವಷ್ಟರಲ್ಲಿ ಅವಳ ಕಪ್ಪು ಕೂದಲೆಲ್ಲ ಬೆಳ್ಳಗಾಗಿತ್ತು.

"ಸುಳ್ಳಿನ ಸುಂಕ" ಎಂದಿತು ಆಮೆ.

ದ್ವೀಪದ ಕೋಟೆಬಾಗಿಲಲ್ಲಿ ಎರಡು ತಲೆಯ ಹುಲಿ ಕಾದಿತ್ತು.

"ಒಳಗೆ ಬಿಡ್ತೀನಿ. ನಿನ್ನ ತಮ್ಮನ ಗಾಯ ಎಲ್ಲಿತ್ತು?"

"ಎದೆಗೆ ಅಂದೆನಲ್ಲ!"

ಹುಲಿ ದಾರಿ ಬಿಟ್ಟಿತು. ಅವಳ ಎಡಗಣ್ಣು ಕತ್ತಲಾಯಿತು.

"ಸುಳ್ಳಿನ ಸುಂಕ" ಎಂದಿತು ಒಂದು ತಲೆ. "ಮನೆಯವರು ಸುಳ್ಳು ಹೇಳಿದ ಸಾವುಗಳೇ ನಮ್ಮ ರಾಯನ ಸೈನ್ಯ" ಎಂದು ನಕ್ಕಿತು ಇನ್ನೊಂದು.

ಒಳಗೆ ಬೂದಿರಾಯ ಕೂತಿದ್ದ. ಅವನ ಹಿಂದೆ ಸತ್ತ ಯೋಧರು ಕೂರಲಾರದೆ, ಮಲಗಲಾರದೆ ಸಾಲಾಗಿ ನಿಂತಿದ್ದರು.

"ಬಾ ತಾಯಿ" ಎಂದ ಬೂದಿರಾಯ, ಬೆಲ್ಲದಂಥ ದನಿಯಲ್ಲಿ. "ಎದೆಗೆ ಅಂತ ಇನ್ನೊಂದೇ ಸಲ ಹೇಳು. ಚಿನ್ನದ ವೀರಗಲ್ಲು ಕೊಡ್ತೀನಿ. ಅದು ಬೀಳಲ್ಲ. ನಿಮ್ಮೂರೆಲ್ಲ ಬಂದು ಕೈ ಮುಗಿಯುತ್ತೆ."

ದೇವೀರಕ್ಕ ಸಾಲಿನೊಳಗೆ ನುಗ್ಗಿ ತಮ್ಮನನ್ನು ಹುಡುಕಿದಳು. ಸಿಕ್ಕಿದ. ಎದೆಯ ಮೇಲೆ ಒಂದು ಗೀರೂ ಇರಲಿಲ್ಲ. ಬೆನ್ನ ತುಂಬ ಬಾಣ. ಎರಡು ಮುಷ್ಟಿಯಲ್ಲಿ ತುಂಡು ಹಗ್ಗ, ಅಂಗೈ ಚರ್ಮ ಸುಲಿದು ಹೋಗಿತ್ತು.

"ಬೀರಾ!"

ಅವನು ತಿರುಗಲಿಲ್ಲ. ಕಡಲಿನ ದಿಕ್ಕಿಗೇ ನೋಡುತ್ತಿದ್ದ.

"ಅಕ್ಕಾ, ಎಲ್ಲರೂ ದೋಣಿ ಹತ್ತಿದ್ರಾ? ಹಗ್ಗ ಬಿಡ್ಲಾ?"

ಜಟ್ಟಿಗ ಅಂದು ಹೇಳಲಾಗದೆ ಹೋದ ಮಾತು ಅವಳಿಗೆ ಆಗ ತಿಳಿಯಿತು. ಜೊತೆಗಾರರನ್ನು ಹಡಗಿಗೆ ಒಯ್ಯುವ ದೋಣಿ ಅಲೆಗೆ ಕೊಚ್ಚಿಹೋಗದಂತೆ ಬೀರ ಕತ್ತಿ ಎಸೆದು ಹಗ್ಗ ಹಿಡಿದಿದ್ದ. ಮುಖ ಜೊತೆಗಾರರ ಕಡೆಗಿತ್ತು, ಬೆನ್ನು ವೈರಿಗಳ ಕಡೆಗೆ.

ಅವಳು ಬೂದಿರಾಯನತ್ತ ತಿರುಗಿ ಕೂಗಿದಳು: "ಬೆನ್ನಿಗೆ! ನನ್ನ ತಮ್ಮನಿಗೆ ಬಾಣ ಬಿದ್ದಿದ್ದು ಬೆನ್ನಿಗೆ! ಸುಳ್ಳು ಹೇಳಿದವಳು ನಾನು!"

ಸುಳ್ಳಿನ ಮೇಲೆಯೇ ನಿಂತಿದ್ದ ಬೂದಿರಾಯನ ಮುಖ ಬಿರಿಯಿತು. ಕೈ ಉದುರಿತು, ಕಾಲು ಉದುರಿತು. ಗಾಳಿ ಬೀಸಿ ಅವನನ್ನು ಗುಡಿಸಿಕೊಂಡು ಹೋಯಿತು. ನಿಂತಿದ್ದ ಯೋಧರೆಲ್ಲ ಒಬ್ಬೊಬ್ಬರಾಗಿ ನೆಲಕ್ಕೆ ಒರಗಿ ಕಣ್ಣು ಮುಚ್ಚಿದರು. ಬೀರ ಮಾತ್ರ ಇನ್ನೂ ನಿಂತೇ ಇದ್ದ.

ದೇವೀರಕ್ಕ ಅವನ ಮುಷ್ಟಿಯ ಮೇಲೆ ಕೈಯಿಟ್ಟಳು.

"ಹತ್ತಿದ್ರು ಕಣೋ. ಎಲ್ಲರೂ ಮನೆ ಸೇರಿದ್ರು. ಬಿಡು, ನನ್ನಪ್ಪ."

ಅವನು ಬಿಟ್ಟ.

ಆಮೆ ಅವಳನ್ನು ಮರಳಿ ತಂದು ಬಿಟ್ಟಿತು. ಅವಳು ಮನೆಗೆ ಹೋಗಲಿಲ್ಲ, ನೇರ ಜಟ್ಟಿಗನ ಬಾಗಿಲಿಗೆ ಹೋದಳು.

"ಅವತ್ತು ನಿನ್ನ ಮಾತು ಮುಗಿಸೋಕೆ ಬಿಡಲಿಲ್ಲ. ಈಗ ಪೂರ್ತಿ ಹೇಳಪ್ಪ" ಎಂದು ತಲೆ ತಗ್ಗಿಸಿ ಹೊಸ್ತಿಲಲ್ಲಿ ಕೂತಳು.

ಜಟ್ಟಿಗ ಅಳುತ್ತ ಹೇಳಿದ. ಅವನು ಹೇಳಿದಂತೆಯೇ ಶಿಲ್ಪಿ ಹೊಸ ಕಲ್ಲು ಕೆತ್ತಿದ: ತುಂಬಿದ ದೋಣಿ, ಬಿಗಿದ ಹಗ್ಗ, ಬಾಣ ಹೊತ್ತ ಬೆನ್ನು.

"ಮುಖ ಕಾಣಲ್ವಲ್ಲವ್ವ?" ಎಂದ ಶಿಲ್ಪಿ.

"ಅವನ ಮುಖ ನನಗೆ ಗೊತ್ತು."

ಕಲ್ಲು ನಿಂತಿತು. ಗಾರೆ ಬೇಕಾಗಲಿಲ್ಲ, ಆನೆ ಬೇಕಾಗಲಿಲ್ಲ.

ಆ ದೋಣಿಯಲ್ಲಿ ಬಂದವರೆಲ್ಲ ಮದುವೆಯಾಗಿ, ಮಕ್ಕಳುಮರಿ ಕಂಡು, ಹೊಟ್ಟೆತುಂಬ ಉಂಡು ಬಾಳಿದರು. ಕಡಲಾಚೆಯ ದ್ವೀಪದಲ್ಲಿ ಮತ್ತೆ ಹಸಿರು ಚಿಗುರಿತು. ದೇವೀರಕ್ಕನ ಕೂದಲು ಮಾತ್ರ ಮತ್ತೆ ಕಪ್ಪಾಗಲಿಲ್ಲ, ಹೋದ ಕಣ್ಣು ಬರಲಿಲ್ಲ. ಅವಳು ಅವನ್ನು ವಾಪಸು ಕೇಳಲೂ ಇಲ್ಲ.