ಭಾನುವಾರ ಓಡಿದ ಇಂಜಿನ್

"ಈ ಗುಂಡಿ ಸಾಲದು. ಸೊಂಟದವರೆಗೆ ಅಗೆಯಿರಿ."

ಮಾರ್ಲಿಸ್ ಅವನಿಗೆ ಆಡಿದ ಮೊದಲ ಮಾತು ಅದು. ಲಂಗರು ಹೂಳಲು ಮರಳು ಅಗೆಯುತ್ತಿದ್ದ ಓರಿನ್ ತಲೆಯೆತ್ತಿದ.

"ಯಾರ ಸೊಂಟ? ನಿಮ್ಮದಾದರೆ ಬೇಗ ಮುಗಿಯುತ್ತೆ."

ಕುಳ್ಳಿ ಮಾರ್ಲಿಸ್‌ಗೆ ನಗು ಬಂತು. ತಡೆದುಕೊಂಡಳು.

ಅಪ್ಪ ತೀರಿಹೋದ ಮೇಲೆ ಪೊವೆಲ್ ಸರೋವರಕ್ಕೆ ಇದು ಮೊದಲ ಪ್ರವಾಸ. ನಾಲ್ಕು ಕುಟುಂಬಗಳ ದೋಣಿಮನೆಯನ್ನು ಈ ಸಲ ಅವಳೇ ನಡೆಸಬೇಕಿತ್ತು. ಅಪ್ಪನ ಕ್ರಮ ಉಳಿದರೆ ಅಪ್ಪನೂ ಸ್ವಲ್ಪ ಉಳಿಯುತ್ತಾನೆಂದು ಅವಳ ಹಟ.

ಲವೋನ್ ಅತ್ತೆ ಕರೆತಂದಿದ್ದ ಶಾಲಾ ಮಾಸ್ತರ ಓರಿನ್ ದಿನವೂ ಅವಳೊಡನೆ ಪಾತ್ರೆ ತೊಳೆದ. ಅಪ್ಪನ ಬಗ್ಗೆ ಕೇಳಿದ. ಅವಳು ಅತ್ತಾಗ ಪಕ್ಕದಲ್ಲಿ ಕುಳಿತ. ನಾಲ್ಕೇ ದಿನದಲ್ಲಿ ಅವಳ ಕಣ್ಣು ಅವನನ್ನು ಹುಡುಕತೊಡಗಿತು...

ಭಾನುವಾರ ದೇವರ ದಿನ. ಅಂದು ದೋಣಿ ಕದಲಿಸುವಂತಿಲ್ಲ. ನೀರು ಇಳಿಯುತ್ತಿದೆ ಎಂದು ಓರಿನ್ ಬೆಳಿಗ್ಗೆಯೇ ಹೇಳಲು ಬಂದ. ಅಪ್ಪ ಎಂದೂ ಈ ದಿನ ಇಂಜಿನ್ ಮುಟ್ಟಿದವನಲ್ಲ ಎಂದು ಅವಳು ಮಾತು ಮುಗಿಸಿದಳು.

ಎಲ್ಲರೂ ಮರಳಿನ ಮೇಲೆ ತಲೆಬಾಗಿ ಪ್ರಾರ್ಥಿಸುತ್ತಿದ್ದಾಗ ಇಂಜಿನ್ ಗುಡುಗಿತು. ಓರಿನ್ ದೋಣಿಮನೆಯನ್ನು ತುಸು ಆಳದ ನೀರಿಗೆ ಸರಿಸಿದ್ದ.

ಮಾರ್ಲಿಸ್ ಎದ್ದು ನಿಂತಳು. "ನಾಳೆ ಐಸ್ ತರೋಕೆ ಸಣ್ಣ ದೋಣಿ ಊರ ಕಡೆ ಹೋಗುತ್ತೆ. ನೀವೂ ಹೊರಡಿ."

ಓರಿನ್ ಇಂಜಿನ್ ನಿಲ್ಲಿಸಿ ಇಳಿದು ಬಂದ. ಪ್ರಾರ್ಥನೆ ಕೆಡಿಸಿದ್ದು ತನ್ನ ತಪ್ಪು ಎಂದಷ್ಟೇ ಹೇಳಿದ.

ಸಂಜೆ ಅತ್ತೆ ಅವಳ ಬಳಿ ಕುಳಿತಳು.

"ಪ್ರಾರ್ಥನೇಲಿ ಕಣ್ಣು ಬಿಟ್ಟಿದ್ದೆ, ದೇವರು ಕ್ಷಮಿಸಲಿ. ಶಬ್ದ ಆಗಬಾರದು ಅಂತ ಅವನು ಮೊದಲು ಒಬ್ಬನೇ ಹೆಗಲುಕೊಟ್ಟು ತಳ್ಳಿದ ಕಣೇ. ಅಲ್ಲಾಡಲಿಲ್ಲ. ಇನ್ನೊಂದು ಗಂಟೆ ಬಿಟ್ಟಿದ್ರೆ ದೋಣಿ ಮರಳಲ್ಲೇ ಕೂತುಬಿಡ್ತಿತ್ತು. ನಿಮ್ಮಪ್ಪ ಶನಿವಾರ ಸಂಜೇನೇ ಅದನ್ನ ನೀರಿಗೆ ಸರಿಸಿಟ್ಟಿರ್ತಿದ್ದ. ನೀನು ಮರೆತೆ."

ಹೌದು... ಮರೆತಿದ್ದಳು. ಅಪ್ಪನ ಭಾನುವಾರ ನೆನಪಿತ್ತು. ಅದಕ್ಕಾಗಿ ಅವನು ದುಡಿದ ಶನಿವಾರ ನೆನಪಿರಲಿಲ್ಲ.

ಬೆಳಿಗ್ಗೆ ಅತ್ತೆ ಸಣ್ಣ ದೋಣಿ ತಿರುಗಿಸುತ್ತಿದ್ದಳು. ಓರಿನ್ ಒಳಗೆ ಕುಳಿತಿದ್ದ. ಮಾರ್ಲಿಸ್ ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ದೋಣಿಯ ಅಂಚು ಹಿಡಿದಳು. ದಡದಲ್ಲಿ ಎಲ್ಲರೂ ನೋಡುತ್ತಿದ್ದರು.

"ಎಲ್ಲರೆದುರು ಬೈದೆ, ಎಲ್ಲರೆದುರೇ ಹೇಳ್ತೀನಿ. ತಪ್ಪು ನನ್ನದು. ಹೋಗಬೇಡ ಓರಿನ್... ದೋಣಿಗೋಸ್ಕರ ಅಲ್ಲ. ನನಗೋಸ್ಕರ. ನೀನು ನನಗೆ ಬೇಕು."

ಅವನು ಅವಳ ಕೈಯ ಮೇಲೆ ಕೈಯಿಟ್ಟ.

"ನನ್ನ ಚೀಲ ದೋಣಿಮನೇಲೇ ಬಿಟ್ಟಿದ್ದೀನಿ. ಹೊರಡಿ ಅಂದಿದ್ರಿ, ವಾಪಸ್ ಬರಬೇಡಿ ಅಂದಿರಲಿಲ್ಲ. ಐಸ್ ತಗೊಂಡು ಮಧ್ಯಾಹ್ನ ಬಂದು, ಇದೇ ಮಾತು ನಾನು ಹೇಳೋನಿದ್ದೆ."

ಮಾರ್ಲಿಸ್ ದೋಣಿ ಹತ್ತಿದಳು.

"ಪೂರ್ತಿ ಒದ್ದೆಯಾಗಿದ್ದೀಯ," ಎಂದ.

"ಬಿಸಿಲಿದೆ, ಒಣಗುತ್ತೆ. ಸ್ವಲ್ಪ ಸರಿದು ಕೂರು."