ಅರಗಿನ ಮೇಲಿನ ಹೆಬ್ಬೆಟ್ಟು

ನಾನು ಕಥೆ ಕಟ್ಟುವವನು ಅಂತ ಚನ್ನಪಟ್ಟಣಕ್ಕೆಲ್ಲ ಗೊತ್ತು. ಇದೊಂದನ್ನು ಮಾತ್ರ ಕಟ್ಟಿಲ್ಲ.

ಕನಕಪುರದ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸುವ ಅನಂತರಾಜು, ಅದರ ಸೌಂಡ್ ಏರಿಸಿ ಇಳಿಸಲು ತಿರುಗಿಸುವ ಮರದ ನಾಬ್ ಬೇಕೆಂದು ಫೋನ್ ಮಾಡಿದ್ದ. ಕೆಂಪು ಅರಗಿನ ಬಣ್ಣದ್ದು.

“ಮಧ್ಯಾಹ್ನದ ಬಸ್ಸಿಗೆ ಹೋಗ್ನಿಲ್ಲ ಅಂದ್ರೆ ನಿನ್ ಲೇತು ಗುಜರಿಗೆ ಕಣಪ್ಪಾ,” ಅಂದುಬಿಟ್ಟರು ನಮ್ಮ ಬೊಂಬೆ ಕಾರ್ಖಾನೆಯ ಮಾಲೀಕರಾದ ಅಸದುಲ್ಲಾ ಸಾಹೇಬರು. ಇಪ್ಪತ್ತು ವರ್ಷದಿಂದ ನನಗೆ ಗೊತ್ತಿರುವ ಕೆಲಸ ಲೇತಿನಲ್ಲಿ ಮರ ಕಡೆದು ಬಣ್ಣ ಹಚ್ಚುವುದೊಂದೇ.

ತಿರುಗುವ ಮರಕ್ಕೆ ಅರಗು ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಹತ್ತುತ್ತದೆ. ಅವತ್ತು ಅರಗು ಕರಗಿತು, ಮರ ಮಾತ್ರ ಮಂಜುಗಡ್ಡೆಯಂತೆ ತಣ್ಣಗಿತ್ತು. ಲೇತ್ ನಿಲ್ಲಿಸಿ ನೋಡಿದರೆ ಬಣ್ಣದ ಮೇಲೆ ಸೊಟ್ಟ ಹೆಬ್ಬೆಟ್ಟಿನ ಅಚ್ಚು. ಹಚ್ಚುವಾಗ ನನ್ನ ಎರಡು ಕೈಯೂ ಅರಗಿನ ಕಡ್ಡಿ ಹಿಡಿದಿದ್ದವು. ಕೆರೆದು ಮತ್ತೆ ಹಚ್ಚಿದೆ. ಮತ್ತೆ ಅದೇ. ಏಳು ಸಲ.

“ಯಾರ್ಲಾ ನೀನು? ಕೈ ತೆಗಿಯಪ್ಪಾ, ನನ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ!” ಎಂದು ಲೇತಿಗೇ ಕೈ ಮುಗಿದೆ. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅಚ್ಚಿದ್ದ ಹಾಗೆಯೇ ಕಳಿಸಿದೆ.

ಸಂಜೆ ಅನಂತರಾಜುವಿನ ಫೋನ್ ಬಂತು. ಬೈಸಿಕೊಳ್ಳಲು ಸಿದ್ಧನಾದೆ.

“ಅಣ್ಣಾ, ನನ್ ಸೊಟ್ಟ ಹೆಬ್ಬೆಟ್ಟು ಅದ್ರಲ್ಲಿ ಸರ್ಯಾಗ್ ಕೂತ್ಕೊಂಡೈತೆ. ಅಳತೆ ಯಾರ್ ಕೊಟ್ರು? ಇನ್ನೂ ಮೂರು ಮಾಡ್ಕೊಡು.”

ಲೇತ್ ಉಳಿಯಿತು. ಆ ಮೂರರ ಮೇಲೂ ಅಚ್ಚು ಬಿತ್ತು. ಅವು ಮಾತ್ರ ತನ್ನ ಬೆರಳಿನವಲ್ಲ, ಬೇರೆ ಯಾರದೋ ಅಂತ ಅನಂತರಾಜು ಫೋನ್ ಮಾಡಿದ.