ಗಾಜಿನಾಚೆ ಕೂತವನು

"ನಿಲ್ಲಿಸಿ!"

ಹೆಡ್‌ಫೋನಿನಲ್ಲಿ ಬಂದ ಆ ಧ್ವನಿಗೆ ಅವಳು ಬೆಚ್ಚಿಬಿದ್ದಳು. ಕೈಯಲ್ಲಿದ್ದ ಹಾಳೆ ಜಾರಿ ನೆಲಕ್ಕೆ ಬಿತ್ತು.

ಗಾಜಿನ ಆಚೆ, ಗುಂಡಿಗಳೇ ತುಂಬಿದ ಉದ್ದನೆಯ ಮೇಜಿನ ಮುಂದೆ ಒಬ್ಬ ಕೂತಿದ್ದ. ಕುರುಚಲು ಗಡ್ಡ, ತೋಳು ಮಡಚಿದ ಮಾಸಲು ನೀಲಿ ಶರ್ಟು. ಅವಳ ಕಡೆ ನೋಡುತ್ತಲೂ ಇರಲಿಲ್ಲ.

"ಏನಾಯ್ತು? ತಪ್ಪು ಓದಿದ್ನಾ?"

"ತಪ್ಪೇನಿಲ್ಲ ಮೇಡಂ, ಒಂದಕ್ಷರವೂ ಆಚೀಚೆ ಆಗಿಲ್ಲ. ಆದ್ರೆ ನೀವು ಓದ್ತಿಲ್ಲ... ಮುಗಿಸ್ತಿದ್ದೀರಿ."

ಅವಳಿಗೆ ಕಿವಿಯವರೆಗೂ ಬಿಸಿಯೇರಿತು.

"ಇದು ನಾನೇ ಬರೆದ ಪುಸ್ತಕ. ಗೊತ್ತು ತಾನೇ?"

"ಗೊತ್ತು. ಅದಕ್ಕೇ ಬೇಜಾರು. ಇದನ್ನ ಬರೆದವರಿಗೆ ಇಷ್ಟೊಂದು ಅವಸರ ಇರಲಿಲ್ಲ."

'ಎಷ್ಟು ಕೊಬ್ಬು ಇವನಿಗೆ!' ಎಂದು ಮನಸ್ಸು ಕುದಿಯಿತು. ಆದರೆ ಅವನು ಹೇಳಿದ್ದು ನಿಜವಾಗಿತ್ತು...

ಅವಳು ಕಾದಂಬರಿಗಾರ್ತಿ. ಹೋದ ವರ್ಷ ಬಂದ ಪುಸ್ತಕ ಯಾರೂ ಎಣಿಸದಷ್ಟು ಜನರ ಕೈಗೆ ಹೋಗಿತ್ತು. ಅಲ್ಲಿಂದ ಅವಳಿಗೆ ಪುರುಸೊತ್ತೇ ಇಲ್ಲ. ಇವತ್ತು ಗ್ರಂಥಾಲಯದಲ್ಲಿ ಮಾತು, ನಾಳೆ ಸಂದರ್ಶನ, ನಾಡಿದ್ದು "ಒಂದೇ ಒಂದು ನಿಮಿಷದ ವಿಡಿಯೋ ಪ್ಲೀಸ್". ಈಗ ಅದೇ ಪುಸ್ತಕವನ್ನು ಅವಳ ಧ್ವನಿಯಲ್ಲೇ ಓದಿಸಿ ಆಡಿಯೋ ಮಾಡುವ ಕೆಲಸ. ಇದರ ನಡುವೆ ಹೊಸ ಕಾದಂಬರಿಯ ಕೊನೆಯ ಎರಡು ಅಧ್ಯಾಯ ತಿಂಗಳ ಕೊನೆಗೆ ಪ್ರಕಾಶಕರ ಕೈಸೇರಬೇಕು!

ಇನ್ನು ಮನೆ... ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅವಳು ಮತ್ತು ಅಮ್ಮ, ಇಬ್ಬರೇ. ಅಡುಗೆಮನೆಯ ನಲ್ಲಿ ವಾರದಿಂದ ಸೋರುತ್ತಿತ್ತು. ಫ್ರಿಜ್ ಮೇಲೆ ಅಂಟಿಸಿದ್ದ ಚೀಟಿಯಲ್ಲಿ "ಪ್ಲಂಬರ್, ಅಮ್ಮನ ಮಾತ್ರೆ, ಸಂದರ್ಶನ ೧೧ಕ್ಕೆ, ಅಧ್ಯಾಯ!!!" ಎಂದು ಅವಳೇ ಬರೆದಿದ್ದಳು. ಪ್ಲಂಬರ್ ಬಂದು ಹೋಗಿದ್ದ. ಅಧ್ಯಾಯ ಮಾತ್ರ ಬಂದಿರಲಿಲ್ಲ.

ಬಗ್ಗಿ ಹಾಳೆ ಎತ್ತಿಕೊಂಡಳು. ನೀರು ಕುಡಿದಳು. ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದಳು, ಈ ಸಲ ನಿಧಾನವಾಗಿ.

ಗಾಜಿನಾಚೆಯವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಅಧ್ಯಾಯ ಮುಗಿಯುವವರೆಗೂ ಮತ್ತೆ ನಿಲ್ಲಿಸಲಿಲ್ಲ.

ಪ್ರಕಾಶನದವರದೇ ಆದ ಆ ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ 'ಕಿವಿಯಣ್ಣ' ಅಂತಲೇ ಕರೆಯುತ್ತಿದ್ದರು. ಯಾಕೆ ಅಂತ ಎರಡನೇ ದಿನವೇ ಅವಳಿಗೆ ಗೊತ್ತಾಯಿತು.

"ಮೇಡಂ, ವಾಚು ತೆಗೆದಿಡಿ. ಟಿಕ್ ಟಿಕ್ ಅಂತಿದೆ."

"ಬಳೆ ಕೂಡ."

ಮೂರನೇ ದಿನ, ತುಸು ಸಂಕೋಚದಿಂದ, "ಮೇಡಂ... ನಿಮ್ಮ ಹೊಟ್ಟೆ ಮಾತಾಡ್ತಿದೆ."

"ಅಯ್ಯೋ! ಅದೂ ರೆಕಾರ್ಡ್ ಆಯ್ತಾ?"

"ಸ್ಪಷ್ಟವಾಗಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ನೋದೂ ಗೊತ್ತಾಗ್ತಿದೆ."

ಅವನು ಬಿಸ್ಕತ್ತಿನ ಪೊಟ್ಟಣ, ಒಂದು ಲೋಟ ಚಹಾ ತಂದು ಬಾಗಿಲ ಬಳಿ ಇಟ್ಟು ಹೋದ. ಕರುಮುರು ಸದ್ದು ಮೈಕಿಗೆ ಕೇಳದ ಹಾಗೆ ಅವಳು ಮುಖ ತಿರುಗಿಸಿಕೊಂಡು ತಿಂದಳು. ಆಮೇಲೆ ನೋಡಿದರೆ, ಅವನು ಹೆಡ್‌ಫೋನ್ ತೆಗೆದಿಟ್ಟು ಬೇರೆ ಕಡೆ ನೋಡುತ್ತಿದ್ದ. ಅವಳು ಮನಸ್ಸಿನಲ್ಲೇ ನಕ್ಕಳು... 'ಪರವಾಗಿಲ್ಲ, ಮರ್ಯಾದೆ ಗೊತ್ತು!'

ಆ ಕೋಣೆಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಹೊರಗಿನ ಹಾರ್ನ್ ಕೇಳುತ್ತಿರಲಿಲ್ಲ. ನಾಲ್ಕನೇ ದಿನ ಓದು ಮುಗಿದ ಮೇಲೆ ಅವಳು ಹಿಂಜರಿಯುತ್ತಾ ಕೇಳಿದಳು.

"ಇಲ್ಲೇ ಅರ್ಧ ಗಂಟೆ ಕೂತು ಬರೀಬಹುದಾ? ಮನೇಲಿ... ಆಗ್ತಾನೇ ಇಲ್ಲ."

ಅವನು ಮೈಕ್ ಪಕ್ಕಕ್ಕೆ ಸರಿಸಿ, ಮೇಜಿನ ದೀಪ ಅವಳ ಕಡೆ ತಿರುಗಿಸಿ, ಹೊರಗೆ ಹೋಗಿ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಪ್ರಚಾರ ವಿಭಾಗದ ಮೇಡಂ ಅವಳನ್ನು ಹುಡುಕಿಕೊಂಡು ಬಂದರೆ, "ರೆಕಾರ್ಡಿಂಗ್ ನಡೀತಿದೆ" ಎಂದು ವಾಪಸ್ ಕಳಿಸಿದ.

ಆ ಅರ್ಧ ಗಂಟೆ ದಿನವೂ ಬೆಳೆಯಿತು. ತಿಂಗಳುಗಟ್ಟಲೆ ಕದಲದಿದ್ದ ಅಧ್ಯಾಯ ಕದಲಿತು.

ಬರೆದು ಹೊರಗೆ ಬಂದಾಗ ಅವನು, "ಎಷ್ಟು ಪುಟ?" ಅನ್ನುತ್ತಿದ್ದ.

"ಎರಡೂವರೆ."

"ನಿನ್ನೆಗಿಂತ ಅರ್ಧ ಜಾಸ್ತಿ!"

ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. 'ಯಾವಾಗ ಮುಗಿಯುತ್ತೆ?' ಅಂತ ಕೇಳುವವರೇ ಎಲ್ಲರೂ...

ಹನ್ನೊಂದನೇ ಅಧ್ಯಾಯ ತಾಯಿ ಮಗಳದ್ದು. ಅದನ್ನು ಓದಿ ಮುಗಿಸಿ ಅವಳು ಹಾಳೆಗಳನ್ನು ಜೋಡಿಸಿಟ್ಟಳು.

"ಅಮ್ಮ ಇದನ್ನ ಓದಿ ಏನಂದ್ರು?" ಅವನು ಮೆಲ್ಲಗೆ ಕೇಳಿದ.

ಅವಳಿಗೆ ನಗು ಬಂತು. "ಅಮ್ಮಾನಾ? ನನ್ನ ಪುಸ್ತಕ ಅಂದ್ರೆ ಅವಳಿಗೆ ನಿದ್ದೆ ಮಾತ್ರೆ! ಎರಡು ಪುಟ ತಿರುಗಿಸ್ತಾಳೆ, ಮಡಚಿ ಇಡ್ತಾಳೆ. ಪಕ್ಕದ ಮನೆಯವರು ಬಂದ್ರೆ ಮಾತ್ರ..." ಅಮ್ಮನ ಧ್ವನಿಯನ್ನೇ ಅನುಕರಿಸಿದಳು, "'ನನ್ನ ಮಗಳು ಎಷ್ಟು ಚೆನ್ನಾಗಿ ಬರ್ದಿದಾಳೆ ಗೊತ್ತಾ? ನಾನು ಎರಡು ಸಲ ಓದ್ದೆ!' ಅಂತಾಳೆ. ಶುದ್ಧ ಸುಳ್ಳು!"

ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ತಿಂಗಳಾಗಿತ್ತೋ ಹಾಗೆ ನಕ್ಕು! ಗಾಜಿನಾಚೆ ಅವನೂ ನಗುತ್ತಿದ್ದ.

ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಅದು ಅವಳ ಗಮನಕ್ಕೆ ಬರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಗೆಳತಿಯರಿಂದ ಒಂದರ ಹಿಂದೊಂದು ಸಂದೇಶ. 'ಸೂಪರ್ ಕಣೇ!' 'ನಿಮ್ಮಮ್ಮ ಪಾಪ ಕಣೇ, ಹಹಹ!'

ತೆರೆದು ನೋಡಿದಳು. ಪ್ರಕಾಶನದ ಪುಟದಲ್ಲಿ ಅವಳ ಫೋಟೋ, ಅದರ ಮೇಲೆ ಅವಳದೇ ಧ್ವನಿ, ಅದೇ ನಗು. ತಲೆಬರಹ: 'ಕಾದಂಬರಿಗಾರ್ತಿಯ ಮನೆಯಲ್ಲೇ ಓದುಗರಿಲ್ಲ!'

ಅಡುಗೆಮನೆಗೆ ಓಡಿದಳು.

ಅಮ್ಮ ನೆಲದ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದಳು.

"ಪಕ್ಕದ ಮನೆಯವಳು ಬಂದು ಕೇಳಿಸಿ ಹೋದ್ಲು," ಎಂದಳು, ತಲೆ ಎತ್ತದೆ. "ನನ್ನ ಹಾಗೇ ಮಾತಾಡಿದೀಯ. ಚೆನ್ನಾಗಿತ್ತು."

"ಅಮ್ಮಾ, ಅದು ತಮಾಷೆಗೆ..."

"ಓದಬಾರದು ಅಂತಲ್ಲ ಗುಂಡು." ಚಿಕ್ಕಂದಿನಲ್ಲಿ ದುಂಡಗಿದ್ದಳೆಂದು ಅಮ್ಮ ಇವತ್ತಿಗೂ ಅವಳನ್ನು ಹಾಗೇ ಕರೆಯುವುದು. "ಕಾಣಲ್ಲ."

"ಏನು ಕಾಣಲ್ಲ?"

"ಅಕ್ಷರ. ಸುತ್ತ ಎಲ್ಲಾ ಕಾಣುತ್ತೆ, ನೋಡ್ಬೇಕು ಅಂತ ಹೋದ ಕಡೆ ಮಾತ್ರ ಮಸಿ ಬಳಿದ ಹಾಗೆ."

ಅವಳು ತಟ್ಟೆಯ ಕಡೆ ನೋಡಿದಳು. ಅಮ್ಮ ಒಂದೊಂದು ಕಾಯಿಯನ್ನೂ ಬೆರಳಲ್ಲಿ ತಡವಿ ತಡವಿ ನಾರು ಹುಡುಕುತ್ತಿದ್ದಳು. ಬಿಡಿಸಿಟ್ಟದ್ದರಲ್ಲಿ ಅರ್ಧದಷ್ಟು ನಾರು ಹಾಗೇ ಇತ್ತು. ಇದೇ ಬೀನ್ಸನ್ನು ನಾನು ದಿನಾ ತಿಂದಿದ್ದೆ... ನಾರು ಬಾಯಿಗೆ ಸಿಕ್ಕಾಗ 'ನೋಡ್ಕೊಂಡು ಹೆಚ್ಚಬಾರದಾ ಅಮ್ಮಾ' ಎಂದು ರೇಗಿಯೂ ಇದ್ದೆ!

"ಎಷ್ಟು ದಿನದಿಂದ?" ಎಂದಳು, ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು.

"ನಿನ್ನ ಹೊಸ ಪುಸ್ತಕ ಶುರುವಾದಾಗಿಂದ. ಅದು ಮುಗೀಲಿ, ಆಮೇಲೆ ಹೇಳೋಣ ಅಂತಿದ್ದೆ. ನೀನೂ ಎಷ್ಟು ಅಂತ ಓಡಾಡ್ತೀಯ?"

ಅವಳು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಅಮ್ಮನ ಬೆರಳು ಅವಳ ಕೂದಲಲ್ಲಿ ಸುಮ್ಮನೆ ಆಡುತ್ತಿತ್ತು.

ಮರುದಿನ ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಅವನು ಎದ್ದು ನಿಂತ. ಅವನ ಮುಖ ಬಾಡಿತ್ತು.

"ಆ ರೆಕಾರ್ಡಿಂಗ್ ಯಾರ ಹತ್ತಿರ ಇತ್ತು?"

"ನನ್ನ ಹತ್ತಿರ."

"ಮತ್ತೆ ಅದು ಹೊರಗೆ ಹೇಗೆ ಹೋಯ್ತು?"

ಅವನು ಹೆಡ್‌ಫೋನನ್ನು ಮೇಜಿನ ಮೇಲಿಟ್ಟ. "ತಪ್ಪು ನನ್ನದೇ."

"ಅಷ್ಟೇನಾ? ನಿಮ್ಮನ್ನ ನಂಬಿ ಮಾತಾಡಿದ್ದೆ ನಾನು! ಅಮ್ಮನಿಗೆ ಕಣ್ಣು ಕಾಣಲ್ಲ, ಗೊತ್ತಾ? ಊರೆಲ್ಲಾ ಅವಳನ್ನ ನೋಡಿ ನಗೋ ಹಾಗಾಯ್ತು!"

ಅವನ ಮುಖದಲ್ಲಿ ಹನಿ ರಕ್ತ ಉಳಿಯಲಿಲ್ಲ. "ಕ್ಷಮಿಸಿ..." ಎಂದ.

'ಏನಾದರೂ ಹೇಳಬಾರದಾ? ನಾನಲ್ಲ ಅಂತ ಒಂದು ಸುಳ್ಳಾದರೂ...' ಎಂದು ಅವಳ ಮನಸ್ಸು ಗೋಗರೆಯಿತು. ಅವನು ಹೇಳಲಿಲ್ಲ. ಅವಳು ಹೊರಟುಬಂದಳು.

ಉಳಿದ ಮೂರು ಅಧ್ಯಾಯಕ್ಕೆ ಗಾಜಿನಾಚೆ ಅವನ ಜಾಗದಲ್ಲಿ ಬೇರೊಬ್ಬ ಹುಡುಗಿಯನ್ನು ಕೂರಿಸಿದರು. ತುಂಬಾ ಒಳ್ಳೆಯವಳು. ಎಲ್ಲದಕ್ಕೂ "ಸೂಪರ್ ಮೇಡಂ" ಅನ್ನುತ್ತಿದ್ದಳು. ಒಮ್ಮೆಯೂ ತಡೆಯಲಿಲ್ಲ. ಓದುತ್ತಾ ಓದುತ್ತಾ ಅವಳು ಪದೇಪದೇ ಗಾಜಿನ ಕಡೆ ನೋಡುತ್ತಿದ್ದಳು... ಯಾರಾದರೂ ತನ್ನನ್ನು ನಿಲ್ಲಿಸಲಿ ಅಂತ ಕಾಯುತ್ತಿದ್ದೇನಾ? ಆ ಯೋಚನೆಗೇ ಓದುತ್ತಿದ್ದ ಸಾಲು ತಪ್ಪಿತು.

ಕಣ್ಣಿನ ಡಾಕ್ಟರು ಸಮಾಧಾನವಾಗಿ ಹೇಳಿದರು. ಹೋದ ದೃಷ್ಟಿ ವಾಪಸ್ ಬರುವುದು ಕಷ್ಟ. ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟರೆ ಉಳಿದದ್ದನ್ನು ಕಾಪಾಡಬಹುದು.

ಅವಳು ಆ ತಿಂಗಳ ಸಂದರ್ಶನಗಳನ್ನೆಲ್ಲಾ ರದ್ದು ಮಾಡಿಸಿದಳು. ಪ್ರಕಾಶಕರಿಗೆ ಫೋನ್ ಮಾಡಿ ಎರಡು ವಾರ ಹೆಚ್ಚು ಕೇಳಿದಳು. ಕೊಟ್ಟರು! ಇಷ್ಟು ದಿನ ಕೇಳಿಯೇ ಇರಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಆಸ್ಪತ್ರೆಯ ಬೆಂಚಿನ ಮೇಲೆ ತಮ್ಮ ನಂಬರಿಗೆ ಕಾಯುತ್ತಾ ಅವಳು ಹೊಸ ಕಾದಂಬರಿಯನ್ನು ಅಮ್ಮನಿಗೆ ಓದಿ ಹೇಳತೊಡಗಿದಳು. ಮೊದಲ ಪುಟದಿಂದ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರೂ ಕಿವಿಗೊಟ್ಟರು. ಮನೆಗೆ ಬಂದ ಮೇಲೂ ದಿನಾ ಓದು ಮುಂದುವರಿಯಿತು. ಅಮ್ಮ ಪಕ್ಕಾ ವಿಮರ್ಶಕಿ! "ಅವನು ಮೊದಲೇ ಊಟ ಮಾಡಿದ್ನಲ್ಲ, ಮತ್ತೆ ಯಾಕೆ ಹಸಿವು ಅಂತಾನೆ?" ಎಂದು ಕೇಳಿ ತಪ್ಪು ಹಿಡಿದಳು. ಕೊನೆಯ ಅಧ್ಯಾಯದ ಹತ್ತಿರ ಬಂದಾಗ ರೇಗಿಯೇಬಿಟ್ಟಳು.

"ಏನೇ ಇವಳು, ನಿನ್ನ ನಾಯಕಿ? ಇಷ್ಟ ಅಂತ ಹೇಳಿದ್ರೆ ಬಾಯಿ ಸವೆದುಹೋಗುತ್ತಾ? ಮನಸ್ಸಲ್ಲೇ ಇಟ್ಕೊಂಡು ಕೊರಗ್ತಾಳೆ!"

"ಅವಳ ಸ್ವಭಾವ ಹಾಗಮ್ಮ."

"ಬದಲಾಯಿಸು. ನಿನ್ನ ಕೈಲೇ ಇದೆಯಲ್ಲ ಪೆನ್ನು."

ಆ ವಾರದ ಕೊನೆಗೆ ಪ್ರಚಾರದ ಮೇಡಂ ಮನೆಗೇ ಬಂದರು. ಕುರ್ಚಿಯ ತುದಿಯಲ್ಲಿ ಕೂತು ಅಮ್ಮನ ಕೈ ಹಿಡಿದುಕೊಂಡರು.

"ಅಮ್ಮಾ, ಅದು ನಾನು ಮಾಡಿದ ತಪ್ಪು. ನಗು ಅಷ್ಟು ಚೆನ್ನಾಗಿತ್ತು, ಜನ ಇಷ್ಟಪಡ್ತಾರೆ ಅಂತ ಹಾಕಿಬಿಟ್ಟೆ. ಆ ಫೈಲಿನ ಮೇಲೆ ಕಿವಿಯಣ್ಣ 'ಯಾರಿಗೂ ಕೊಡಬಾರದು' ಅಂತ ಬರೆದಿದ್ದ. ನಾನೇ ಅವನಿಲ್ಲದಾಗ ತಗೊಂಡೆ. ಆ ಭಾನುವಾರ ಮಧ್ಯಾಹ್ನ ನಮ್ಮನೆ ಬಾಗಿಲಿಗೆ ಬಂದು ನಿಂತು, ತೆಗೆಸೋವರೆಗೂ ಹೋಗಲಿಲ್ಲ ಅವನು."

ಅವಳು ಬಾಗಿಲಿಗೆ ಒರಗಿ ನಿಂತಳು. "ಮತ್ತೆ... ನನಗ್ಯಾಕೆ ಹೇಳಲಿಲ್ಲ?"

"ಅದನ್ನ ಅವನನ್ನೇ ಕೇಳಬೇಕು."

ಮೇಡಂ ಹೋದ ಮೇಲೆ ಅಮ್ಮ, "ಬದಲಾಯಿಸಿದ್ಯಾ ಅದನ್ನ?" ಎಂದಳು.

"ಯಾವುದನ್ನ?"

"ಕಾದಂಬರಿ ವಿಷಯ ಕೇಳ್ತಿದ್ದೀನಿ ಗುಂಡು. ಇನ್ಯಾವುದು?" ಅಮ್ಮನ ತುಟಿಯಂಚಿನಲ್ಲಿ ನಗುವಿತ್ತು.

ಆ ಸಂಜೆ ಅವಳು ಕೊನೆಯ ಪುಟ ಬರೆದು ಮುಗಿಸಿದಳು. ಮರುದಿನ ಬೆಳಿಗ್ಗೆ ಹತ್ತಕ್ಕೆ ಸ್ಟುಡಿಯೋಗೆ ಹೋದಳು.

ಅವನು ಸ್ಟೂಲಿನ ಮೇಲೆ ನಿಂತು, ಗೋಡೆಯಿಂದ ಕಿತ್ತುಬಂದಿದ್ದ, ಸದ್ದು ಹೀರುವ ಸ್ಪಂಜಿನ ಹಾಳೆಗಳನ್ನು ಅಂಟಿಸುತ್ತಿದ್ದ. ಅವಳನ್ನು ಕಂಡವನೇ ಹಾಗೇ ನಿಂತುಬಿಟ್ಟ.

"ಅಮ್ಮ ಹೇಗಿದ್ದಾರೆ?" ಅದೇ ಮೊದಲ ಮಾತು.

"ಚೆನ್ನಾಗಿದ್ದಾಳೆ. ಮೊನ್ನೆಯಿಂದ ನೀವು ಮಾಡಿದ ಆಡಿಯೋ ಪುಸ್ತಕ ಕೇಳ್ತಿದ್ದಾಳೆ. ಏಳನೇ ಅಧ್ಯಾಯದಲ್ಲಿದ್ದಾಳೆ. ನಿದ್ದೆ ಬಂದಿಲ್ಲವಂತೆ."

ಅವನು ಉಸಿರು ಬಿಟ್ಟ. ಮುಖದ ಬಿಗಿ ಸಡಿಲವಾಯಿತು.

"ಯಾಕೆ ಹೇಳಲಿಲ್ಲ? ನೀವು ಕೊಟ್ಟಿದ್ದಲ್ಲ ಅಂತ?"

"ಕೊಡಲಿಲ್ಲ ನಿಜ... ಆದ್ರೆ ಅವತ್ತೇ ಅಳಿಸಬೇಕಿತ್ತು. ಅಳಿಸಿದ್ರೆ ಯಾರ ಕೈಗೂ ಸಿಗ್ತಿರಲಿಲ್ಲ. ಮೂರು ಸಲ ಅಳಿಸೋಕೆ ಹೋದೆ."

"ಮತ್ತೆ?"

"ಆಗಲಿಲ್ಲ." ಅವನು ಕೈಯಲ್ಲಿದ್ದ ಗೋಂದಿನ ಬ್ರಷ್ಷನ್ನೇ ನೋಡುತ್ತಿದ್ದ. "ಹದಿನಾರು ವರ್ಷದಿಂದ ಜನರ ಧ್ವನಿ ಕೇಳ್ತಾ ಇದ್ದೀನಿ. ಕೆಲಸ ಮುಗಿದ ಮೇಲೂ ಇನ್ನೊಂದ್ಸಲ ಕೇಳಬೇಕು ಅನ್ನಿಸಿದ್ದು ಆ ನಗು ಒಂದೇ. ಅದಕ್ಕೇ ತಪ್ಪು ನನ್ನದು ಅಂದೆ. ಈಗ ಇಲ್ಲ, ಅಳಿಸಿದ್ದೀನಿ."

ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಅವಳಿಗೆ ತನ್ನ ಎದೆಬಡಿತ ತನಗೇ ಕೇಳುತ್ತಿತ್ತು.

"ನಾನೂ ವಿಚಾರಿಸದೆ ಕೂಗಾಡಿದೆ," ಎಂದಳು. "ಅವತ್ತಿಂದ ಒಂದು ದಿನವೂ ನೆಮ್ಮದಿ ಇಲ್ಲ."

"ಪುಸ್ತಕ?"

"ನಿನ್ನೆ ಮುಗೀತು."

"ಹೌದಾ!" ಅವನ ಕಣ್ಣು ಅರಳಿತು. "ಹೇಗೆ ಮುಗಿಯುತ್ತೆ?"

"ಅವಳು ಬಾಯಿ ಬಿಟ್ಟು ಹೇಳಿಬಿಡ್ತಾಳೆ."

"ಏನಂತ?"

"ಇಷ್ಟ ಅಂತ."

ಅವನು ನಿಧಾನವಾಗಿ ಸ್ಟೂಲಿನಿಂದ ಇಳಿದ. "ಕಾದಂಬರಿಯಲ್ಲಾ?"

"ಕಾದಂಬರಿಯಲ್ಲೂ."

ಅವನ ಕಣ್ಣಂಚು ಒದ್ದೆಯಾಯಿತು, ತುಟಿಯಲ್ಲಿ ನಗು. ಅವಳೇ ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದಳು. ಅವನು ಗಾಬರಿಯಿಂದ ಕೈ ಹಿಂದಕ್ಕೆಳೆದುಕೊಂಡ.

"ಬೇಡ ಬೇಡ... ಕೈಯೆಲ್ಲಾ ಗೋಂದು. ಅಂಟ್ಕೊಂಡ್ರೆ ಆಮೇಲೆ ಬಿಡೋದಿಲ್ಲ!"

ಅವಳು ಆ ಕೈಯನ್ನು ಎಳೆದು ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಡದಿದ್ರೆ ಬೇಡ ಬಿಡು."

ಬಿಡು! 'ಬಿಡಿ' ಅಲ್ಲ... ಕಿವಿಯಣ್ಣನ ಕಿವಿಗೆ ಅದು ತಪ್ಪುತ್ತದೆಯೇ?

"ಏನಂದೆ?" ಎಂದ ಅವನು, ಕೇಳಿಸದವನ ಹಾಗೆ. "ಇನ್ನೊಂದ್ಸಲ ಹೇಳು."